ಸೊನ್ನೆ ನೋಡಿ

ಪಡೀಲಿನ ಬಂಕಿನಲ್ಲಿ ಹದಿನೇಳು ವರ್ಷದಿಂದ
ನಾನು ಹೇಳುವುದು ಒಂದೇ ಮಾತು:
ಸೊನ್ನೆ ನೋಡಿ.
ಯಾರೂ ನೋಡುವುದಿಲ್ಲ. ಫೋನು ನೋಡುತ್ತಾರೆ,
ಕನ್ನಡಿಯಲ್ಲಿ ತಮ್ಮ ಹಲ್ಲು ನೋಡುತ್ತಾರೆ.
ಕೆಲವರು, ಕದಿಯುತ್ತೇನೋ ಎಂದು,
ನನ್ನ ಕೈ ನೋಡುತ್ತಾರೆ.

ದೇರಣ್ಣ ಶೆಟ್ರ ಗಾಡಿ ಬಂದರೆ
ಬಂಕಿನೊಳಗೆ ಒಂದು ಗಳಿಗೆ ಮೋಡ ಕವಿದ ಹಾಗೆ.
ಹತ್ತಲಿಕ್ಕೆ ಮೆಟ್ಟಿಲು ಉಂಟು, ಹಿಡಿಯಲಿಕ್ಕೆ ಹಿಡಿ ಉಂಟು,
ಏಳು ಸೀಟು, ಒಬ್ಬರೇ ಶೆಟ್ರು.
ಹಿಂದಿನ ಸೀಟಿನಲ್ಲಿ ಎರಡು ಕಟ್ಟು ಬಸಳೆ,
ಬೆಲ್ಟ್ ಹಾಕಿ ಕೂರಿಸಿದ್ದು.
'ಫುಲ್ ಮಾಡು' ಅನ್ನುತ್ತಾರೆ ಗಾಜು ಪೂರ್ತಿ ಇಳಿಸದೆ.
ಹತ್ತು, ಮೂವತ್ತು, ಅರವತ್ತು.
ಅರವತ್ತೆಂಟಕ್ಕೆ ಟಕ್.

ಅಷ್ಟು ಹೊತ್ತು ಹಿಡಿದು ನಿಂತರೆ ನೆನಪಾಗುವುದು
ಸೊಸೈಟಿಯ ಸಾಲು, ಅಮ್ಮನ ಕೈಯ ನೀಲಿ ಕ್ಯಾನು,
ತಿಂಗಳಿಗೆ ಮೂರು ಲೀಟರ್ ಸೀಮೆಎಣ್ಣೆ.
ಲಾಳಿಕೆಯ ತುದಿಯಲ್ಲಿ ಉಳಿದ ಹನಿಗೂ ಅಮ್ಮ ಕಾಯುತ್ತಿದ್ದಳು:
'ತಡಿ ಮಗಾ, ಇನ್ನೊಂದು ಉಂಟು.'

ಶೆಟ್ರು ಕೆಟ್ಟವರಲ್ಲ. ಚಿಲ್ಲರೆ ವಾಪಸು ಕೇಳುವುದಿಲ್ಲ.
ಹೆಂಡತಿಗೆ ಸೊಂಟನೋವಂತೆ,
ಎತ್ತರದ ಗಾಡಿಯಾದರೆ ರಸ್ತೆಯ ಹೊಂಡ ಗೊತ್ತಾಗುವುದಿಲ್ಲವಂತೆ.
ಗೊತ್ತೇ ಆಗದಿದ್ದರೆ ಹೊಂಡ ಮುಚ್ಚಿಸುವುದು ಯಾರು ಎಂದು
ನಾನು ಕೇಳಲಿಲ್ಲ.

ಕೈಯ ವಾಸನೆ ಮಾತ್ರ ಹೋಗುವುದಿಲ್ಲ.
ಸಾಬೂನು, ಲಿಂಬೆ, ಹುಣಸೆಹುಳಿ, ಎಲ್ಲ ಆಯಿತು.
ಮಲ್ಲಿಗೆ ಮುಡಿದರೆ ಮಲ್ಲಿಗೆಗೂ ಡೀಸೆಲ್.
ಮಗಳು ಸಣ್ಣದಿರುವಾಗ, ಕರೆಂಟು ಹೋದರೆ,
ಈ ವಾಸನೆ ಹಿಡಿದೇ ನನ್ನನ್ನು ಹುಡುಕುತ್ತಿದ್ದಳು.

ಆಚೆ ವರ್ಷ ಚೀಟಿ ಎತ್ತಿ
ಹಳೇ ಬ್ಯಾಟರಿ ಸ್ಕೂಟರೊಂದು ತೆಗೆದುಕೊಂಡೆ.
ರಾತ್ರಿ ಅಡುಗೆಮನೆ ಕಿಟಕಿಯಿಂದ ವಯರು,
ಗ್ರೈಂಡರಿನ ಪ್ಲಗ್ಗು ಕಿತ್ತು ಅದಕ್ಕೆ.
ದೋಸೆಗೆ ಕಡೆಯುವ ದಿನ ಸ್ಕೂಟರಿಗೆ ಉಪವಾಸ.
ಮ್ಯಾನೇಜರ್ ಗಿಲ್ಬರ್ಟ್ ಮಿನೇಜಸ್ ನಗುತ್ತಾರೆ:
'ಹೋಟೆಲಿನವನೇ ಬುತ್ತಿ ತಂದ ಹಾಗಾಯಿತಲ್ಲ ಮಾರಾಯ್ತಿ!'

ಈಗ ಗಾಳಿ ಹಾಕುವ ಮಿಷನಿನ ಹತ್ತಿರ
ಒಂದು ಬಿಳಿ ಪೆಟ್ಟಿಗೆ ನಿಲ್ಲಿಸಿದ್ದಾರೆ.
ಮೊದಲ ಕಾರು ಬಂದದ್ದೇ ಗೊತ್ತಾಗಲಿಲ್ಲ,
ಬೆಕ್ಕು ಒಳಗೆ ಬಂದ ಹಾಗೆ.
ಅಭ್ಯಾಸಬಲ, ಓಡಿಹೋಗಿ 'ಸೊನ್ನೆ ನೋಡಿ' ಅಂದೆ.
ಇಳಿದ ಹೆಂಗಸು ಸುತ್ತ ನೋಡಿ 'ಎಲ್ಲಿ?' ಅಂದರು.
ನಲವತ್ತು ನಿಮಿಷ ಅವರಿಗೆ ಬೇರೆ ಕೆಲಸವಿರಲಿಲ್ಲ.
ಪೊಟ್ಟಣ ಬಿಚ್ಚಿ ಚಟ್ಟಂಬಡೆ ಕೊಟ್ಟರು,
ಸೆಕೆಯನ್ನು ಬೈದರು, ಮತ್ತೆ ಕೇಳಿದರು:
ನಿಮ್ಮ ಹೆಸರು ಎಂತ?

ಹದಿನೇಳು ವರ್ಷ. ಎಷ್ಟು ಲಕ್ಷ ಲೀಟರೋ.
'ವಾರಿಜ' ಅಂದೆ.
ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ.

ಹೋದ ವಾರ ಶೆಟ್ರೂ ಬದಲಾದರು.
ಹೊಸ ಗಾಡಿ. ಹೊಗೆ ಇಲ್ಲ, ಸದ್ದಿಲ್ಲ.
ಗಾತ್ರ ಹಾಗೇ ಉಂಟು. ಮೋಡ ಹಾಗೇ ಕವಿಯುತ್ತದೆ.
ಏಳು ಸೀಟು, ಬಸಳೆಗೆ ಬೆಲ್ಟು.
'ಇನ್ನು ಪಾಪ ಇಲ್ಲ ನೋಡು' ಅಂದರು.
ನೋಡಿದೆ.
ತಂಗಿಯನ್ನು ಕೊಟ್ಟದ್ದು ಎಲ್ಲೂರಿನ ಕಡೆಗೆ;
ಅವಳ ಅಂಗಳದಲ್ಲಿ ನಿಂತರೆ ಕಾಣುವುದು
ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ಚಿಮಿಣಿ.
ಶೆಟ್ರಿಗೆ ಅದನ್ನು ಹೇಳಲಿಲ್ಲ.
ನನ್ನ ಸ್ಕೂಟರಿಗೂ ಬರುವುದು ಅಲ್ಲಿಂದಲೋ,
ಘಟ್ಟದ ನೀರಿನಿಂದಲೋ,
ಪ್ಲಗ್ಗಿಗೆ ಗೊತ್ತಿಲ್ಲ.

ಬಂಕಿನ ಮೀಟರಿಗೆ ಒಂದು ಸುಖ ಉಂಟು:
ಒಬ್ಬರು ಹೋದ ಕೂಡಲೇ
ಕುಡಿಸಿದ್ದೆಲ್ಲ ಮರೆತು ಸೊನ್ನೆಗೆ ಬರುತ್ತದೆ.
ಮನೆಯ ಗೋಡೆಯದ್ದು ಹಾಗಲ್ಲ.
ರಾತ್ರಿ ವಯರು ಸಿಕ್ಕಿಸಿ ಟಾರ್ಚು ಬಿಟ್ಟು ನೋಡುತ್ತೇನೆ.
ಅಮ್ಮ ಕರೆಂಟು ಹಾಕಿಸಿದ ದಿನದಿಂದ
ಒಂದು ಬಲ್ಬು, ಒಂದು ಫ್ಯಾನು, ಗ್ರೈಂಡರು, ಈಗ ಸ್ಕೂಟರು,
ಯಾವುದನ್ನೂ ಬಿಡದೆ ಕೂಡಿಸುತ್ತಾ ಬಂದಿದೆ.
ಸೊನ್ನೆ ಅದರಲ್ಲೂ ಉಂಟು,
ಬೇರೆ ಅಂಕೆಗಳ ನಡುವೆ ಎಲ್ಲೋ
ಸಿಕ್ಕಿಕೊಂಡು.